ಪಟ್ಟಿಯಿಲ್ಲದ ಸದಸ್ಯತ್ವ: ಕಾರ್ಯಾಚರಣ ವ್ಯವಸ್ಥೆಯಲ್ಲಿ ಮಲ್ಟಿಕಾಸ್ಟ್ ಗುಂಪುಗಳ ನಿರ್ವಹಣೆ

1. ಪೀಠಿಕೆ

ಗಣಕ ವಿಜ್ಞಾನದ ಪರಿಭಾಷೆಯನ್ನು ಕನ್ನಡಕ್ಕೆ ತರುವ ಪ್ರಯತ್ನಗಳು ಬಹುಮಟ್ಟಿಗೆ ಪದಕ್ಕೆ ಪದವನ್ನು ಹುಡುಕುವ ಕ್ರಮದಲ್ಲಿ ನಡೆದಿವೆ. ಪದ ದೊರೆತ ಕೂಡಲೇ ಪರಿಕಲ್ಪನೆಯೂ ದೊರೆಯಿತೆಂಬ ಭಾವನೆ ಇದರ ಹಿಂದಿದೆ. ಆದರೆ ಕೆಲವು ಪದಗಳು ತಾವು ಸೂಚಿಸಬೇಕಾದ ವಸ್ತುವನ್ನು ತಿಳಿಸುವ ಬದಲು ಮರೆಮಾಡುತ್ತವೆ. ಅಂತಹ ಪದಗಳಲ್ಲಿ ‘ಸದಸ್ಯತ್ವ’ವೂ ಒಂದು. ‘ಸದಸ್ಯ’ ಎಂಬುದು ಸಂಸ್ಕೃತದ ‘ಸದಸ್’ ಶಬ್ದದಿಂದ ಬಂದುದು. ಸಭೆಯಲ್ಲಿ ಸ್ಥಾನವುಳ್ಳವನು ಎಂಬುದು ಅದರ ಅರ್ಥ. ಇಂದಿನ ಕನ್ನಡದಲ್ಲಿ ಈ ಪದ ಕೇಳಿದೊಡನೆ ಅರ್ಜಿ, ಶುಲ್ಕ, ನೋಂದಣಿ ಪುಸ್ತಕ, ಸದಸ್ಯರ ಪಟ್ಟಿ ಇವೆಲ್ಲ ನೆನಪಿಗೆ ಬರುತ್ತವೆ. ಗಣಕಜಾಲದ ಮಲ್ಟಿಕಾಸ್ಟ್ ಗುಂಪಿನ ಸದಸ್ಯತ್ವದಲ್ಲಿ ಇವುಗಳಲ್ಲಿ ಯಾವುದೂ ಇಲ್ಲ. ಆ ಗುಂಪಿನಲ್ಲಿ ಯಾರಿದ್ದಾರೆಂಬ ಪೂರ್ಣ ಪಟ್ಟಿಯನ್ನು ಜಾಲದ ಯಾವ ಯಂತ್ರವೂ ಇಟ್ಟುಕೊಳ್ಳುವುದಿಲ್ಲ.

ಪಟ್ಟಿಯೇ ಇಲ್ಲದೆ ಸದಸ್ಯತ್ವವನ್ನು ನಿರ್ವಹಿಸುವುದು ಹೇಗೆ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆ. ಕಾರ್ಯಾಚರಣ ವ್ಯವಸ್ಥೆಯ ಜಾಲಭಾಗವು ಈ ಕೆಲಸವನ್ನು ನಡೆಸುವ ಬಗೆಯನ್ನು ಲಿನಕ್ಸ್ ಕರ್ನೆಲ್ಲಿನ ನಿದರ್ಶನದ ಮೂಲಕ ವಿವರಿಸಿ, ಆ ವಿವರಣೆಗೆ ಕನ್ನಡದ ಯಾವ ಪದಗಳು ಒದಗುತ್ತವೆ, ಯಾವುವು ತೊಡಕಾಗುತ್ತವೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

2. ಗುಂಪಿನ ಪರಿಕಲ್ಪನೆ

ಜಾಲದಲ್ಲಿ ಸಂದೇಶ ಸಾಗುವ ಬಗೆಗಳು ಮುಖ್ಯವಾಗಿ ಮೂರು. ಒಬ್ಬರಿಂದ ಒಬ್ಬರಿಗೆ ಹೋಗುವುದು ಅಂಚೆಯ ಕಾಗದದಂತೆ. ಒಬ್ಬರಿಂದ ಎಲ್ಲರಿಗೂ ಹೋಗುವುದು ಊರಿನಲ್ಲಿ ಸಾರುವ ಡಂಗುರದಂತೆ. ಬೇಕಾದವರೂ ಬೇಡವಾದವರೂ ಅದನ್ನು ಕೇಳಲೇಬೇಕು. ಮೂರನೆಯದಾದ ಮಲ್ಟಿಕಾಸ್ಟ್ ಇವೆರಡರ ನಡುವಿನದು. ಬೇಕೆಂದವರಿಗೆ ಮಾತ್ರ ಸಂದೇಶ ತಲುಪುತ್ತದೆ. ಕಳುಹಿಸುವವನು ಒಂದೇ ಪ್ರತಿಯನ್ನು ಕಳುಹಿಸುತ್ತಾನೆ. ಪ್ರತಿಗಳು ಹೆಚ್ಚುವುದು ದಾರಿ ಕವಲೊಡೆಯುವ ಸ್ಥಳದಲ್ಲಿ ಮಾತ್ರ.

ಈ ವಿಧಾನಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದ ಸ್ಟೀವ್ ಡೀರಿಂಗ್ ಪ್ರಮುಖರು. ಅವರು ರಚಿಸಿದ ಆರ್‌ಎಫ್‌ಸಿ 1112 ಎಂಬ ದಾಖಲೆ 1989ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಅದು ನಿರೂಪಿಸುವ ಗುಂಪಿನ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು:

ಅ) ಯಾವುದೇ ಗಣಕ ಯಾವಾಗ ಬೇಕಾದರೂ ಗುಂಪಿಗೆ ಸೇರಬಹುದು, ಯಾವಾಗ ಬೇಕಾದರೂ ಬಿಡಬಹುದು.
ಆ) ಸೇರುವವರ ಸಂಖ್ಯೆಗಾಗಲಿ ಸ್ಥಳಕ್ಕಾಗಲಿ ಮಿತಿಯಿಲ್ಲ.
ಇ) ಒಂದು ಗಣಕ ಏಕಕಾಲಕ್ಕೆ ಹಲವು ಗುಂಪುಗಳಲ್ಲಿ ಇರಬಹುದು.
ಈ) ಗುಂಪಿಗೆ ಸಂದೇಶ ಕಳುಹಿಸಲು ಆ ಗುಂಪಿನಲ್ಲಿ ಇರಬೇಕಾಗಿಲ್ಲ.

ಇವುಗಳಲ್ಲಿ ನಾಲ್ಕನೆಯ ಲಕ್ಷಣವು ‘ಸದಸ್ಯತ್ವ’ದ ರೂಢಿಯ ಅರ್ಥಕ್ಕೆ ವಿರುದ್ಧವಾಗಿದೆ. ಸಭೆಯ ಸದಸ್ಯನು ಮಾತನಾಡುವ ಹಕ್ಕುಳ್ಳವನು. ಇಲ್ಲಿಯಾದರೋ ಸದಸ್ಯನು ಕೇಳಿಸಿಕೊಳ್ಳುವವನು ಮಾತ್ರ. ಹರಿಕಥೆಗೆ ಬಂದು ಕುಳಿತವರ ಹಾಜರಿಯನ್ನು ದಾಸರು ತೆಗೆದುಕೊಳ್ಳುವುದಿಲ್ಲ. ಯಾರು ಎದ್ದು ಹೋದರು, ಯಾರು ನಡುವೆ ಬಂದು ಕುಳಿತರು ಎಂಬುದು ಅವರಿಗೆ ತಿಳಿಯಬೇಕಾಗಿಲ್ಲ. ಮಲ್ಟಿಕಾಸ್ಟ್ ಗುಂಪು ಸಭೆಗಿಂತ ಈ ಶ್ರೋತೃವೃಂದಕ್ಕೆ ಹತ್ತಿರವಾದುದು.

ಗುಂಪನ್ನು ಗುರುತಿಸುವುದು ಒಂದು ವಿಳಾಸ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ 224.0.0.0 ಇಂದ 239.255.255.255 ವರೆಗಿನ ವಿಳಾಸಗಳು ಇದಕ್ಕೆ ಮೀಸಲಾಗಿವೆ. ಮೊದಲ 4 ಬಿಟ್‌ಗಳು ಸ್ಥಿರವಾಗಿದ್ದು ಉಳಿದ 28 ಬಿಟ್‌ಗಳು ಗುಂಪನ್ನು ಸೂಚಿಸುತ್ತವೆ. ಅಂದರೆ ಒಟ್ಟು 26,84,35,456 ವಿಳಾಸಗಳು. ಇವುಗಳಲ್ಲಿ 224.0.0.1 ಎಂಬುದು ಸ್ಥಳೀಯ ಜಾಲದ ಎಲ್ಲ ಮಲ್ಟಿಕಾಸ್ಟ್ ಗಣಕಗಳ ಗುಂಪು. 239ರಿಂದ ಆರಂಭವಾಗುವ ವಿಳಾಸಗಳು ಒಂದು ಸಂಸ್ಥೆಯ ಆಡಳಿತದ ಮಿತಿಯೊಳಗಿನ ಬಳಕೆಗೆ ಮೀಸಲು.

3. ಸೇರುವುದು ಮತ್ತು ಸೇರಿಸುವುದು

ಒಂದು ಗಣಕದಲ್ಲಿ ಒಂದು ಪ್ರೋಗ್ರಾಂ ಗುಂಪಿಗೆ ಸೇರಬೇಕೆಂದಿದೆ ಎನ್ನೋಣ. ಅದು ಮೊದಲು ಸಾಕೆಟ್ ಒಂದನ್ನು ತೆರೆಯುತ್ತದೆ. ಬಳಿಕ ‘ಸೆಟ್‌ಸಾಕ್‌ಆಪ್ಟ್’ ಎಂಬ ಕರೆಯ ಮೂಲಕ ‘ಐಪಿ ಆಡ್ ಮೆಂಬರ್‌ಶಿಪ್’ ಎಂಬ ಆಯ್ಕೆಯನ್ನು ಕರ್ನೆಲ್ಲಿಗೆ ಸಲ್ಲಿಸುತ್ತದೆ. ಈ ಕೋರಿಕೆಯಲ್ಲಿ ಎರಡು ಅಂಶಗಳಿರುತ್ತವೆ: ಯಾವ ಗುಂಪು ಮತ್ತು ಯಾವ ಸಂಪರ್ಕದ್ವಾರ. ತಂತಿಯ ಈಥರ್ನೆಟ್ ಕಾರ್ಡು, ವೈಫೈ ಕಾರ್ಡು ಮುಂತಾದವುಗಳು ಇಲ್ಲಿ ಸಂಪರ್ಕದ್ವಾರಗಳು. ಸದಸ್ಯತ್ವವು ಗುಂಪಿನ ವಿಳಾಸವೊಂದಕ್ಕೇ ಸಂಬಂಧಿಸಿದ್ದಲ್ಲ, ಗುಂಪು ಮತ್ತು ದ್ವಾರ ಇವೆರಡರ ಜೋಡಿಗೆ ಸಂಬಂಧಿಸಿದ್ದು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಕೋರಿಕೆ ಬಂದಾಗ ಲಿನಕ್ಸ್ ಕರ್ನೆಲ್ಲು ಎರಡು ಕಡೆ ಬರೆದಿಡುತ್ತದೆ. ಮೊದಲನೆಯದು ಸಾಕೆಟ್ಟಿಗೆ ಸೇರಿದ ಪಟ್ಟಿ. ಈ ಸಾಕೆಟ್ ಯಾವ ಯಾವ ಗುಂಪುಗಳನ್ನು ಕೋರಿದೆ ಎಂಬುದು ಅದರಲ್ಲಿದೆ. ಎರಡನೆಯದು ಸಂಪರ್ಕದ್ವಾರಕ್ಕೆ ಸೇರಿದ ಪಟ್ಟಿ. ಈ ದ್ವಾರದ ಮೂಲಕ ಯಾವ ಯಾವ ಗುಂಪುಗಳ ಸಂದೇಶ ಬರಬೇಕೆಂಬುದು ಅದರಲ್ಲಿದೆ. ಪ್ರತಿಯೊಂದು ಗುಂಪಿನ ಜೊತೆಗೆ ಎಷ್ಟು ಮಂದಿ ಅದನ್ನು ಬಳಸುತ್ತಿದ್ದಾರೆ ಎಂಬ ಎಣಿಕೆಯೂ ಇರುತ್ತದೆ. 1990ರ ದಶಕದ ಬಿಎಸ್‌ಡಿ ಯುನಿಕ್ಸ್‌ನಲ್ಲೂ ಇದೇ ಬಗೆಯ ಎರಡು ಹಂತದ ವ್ಯವಸ್ಥೆ ಇತ್ತು.

ಈ ಎರಡು ಹಂತಗಳ ಅಗತ್ಯವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಒಂದೇ ಗಣಕದಲ್ಲಿ ಮೂರು ಪ್ರೋಗ್ರಾಂಗಳು 239.1.1.1 ಎಂಬ ಗುಂಪನ್ನು ಕೋರುತ್ತವೆ. ಮೊದಲ ಕೋರಿಕೆ ಬಂದಾಗ ದ್ವಾರದ ಪಟ್ಟಿಗೆ ಹೊಸ ನಮೂದು ಸೇರುತ್ತದೆ, ಎಣಿಕೆ 1 ಆಗುತ್ತದೆ, ಕಾರ್ಡಿಗೆ ಸೂಚನೆ ಹೋಗುತ್ತದೆ, ಜಾಲಕ್ಕೆ ವರದಿ ಹೋಗುತ್ತದೆ. ಎರಡನೆಯ ಮತ್ತು ಮೂರನೆಯ ಕೋರಿಕೆಗಳು ಬಂದಾಗ ಎಣಿಕೆ 2, 3 ಎಂದು ಏರುತ್ತದೆಯೇ ಹೊರತು ಹೊರಗೆ ಏನೂ ನಡೆಯುವುದಿಲ್ಲ. ಬಿಡುವಾಗಲೂ ಹೀಗೆಯೇ. ಎಣಿಕೆ ಸೊನ್ನೆಗೆ ಇಳಿದಾಗ ಮಾತ್ರ ಗಣಕವು ಗುಂಪನ್ನು ಬಿಡುತ್ತದೆ. ಎಣಿಕೆ ಇಲ್ಲದಿದ್ದರೆ ಮೊದಲು ಎದ್ದು ಹೋದ ಪ್ರೋಗ್ರಾಂ ಉಳಿದೆರಡಕ್ಕೂ ಸಂದೇಶ ಬಾರದಂತೆ ಮಾಡಿಬಿಡುತ್ತಿತ್ತು.

ಹಾಗಾದರೆ ಗುಂಪಿಗೆ ಸೇರುವುದು ಯಾರು? ಪ್ರೋಗ್ರಾಮೋ, ಸಾಕೆಟ್ಟೋ, ಗಣಕವೋ? ಮೂಲ ಪರಿಭಾಷೆಯು ಮೂರಕ್ಕೂ ಒಂದೇ ಕ್ರಿಯಾಪದವನ್ನು ಬಳಸುವುದರಿಂದ ಕಲಿಯುವವರಿಗೆ ಗೊಂದಲವುಂಟಾಗುತ್ತದೆ. ಈ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ವ್ಯಾಕರಣವು ಪ್ರೇರಣಾರ್ಥಕವೆಂದು ಗುರುತಿಸುವ ‘ಇಸು’ ಪ್ರತ್ಯಯದಿಂದ ‘ಸೇರು’ ಮತ್ತು ‘ಸೇರಿಸು’ ಎಂಬ ಎರಡು ರೂಪಗಳು ದೊರೆಯುತ್ತವೆ. ಪ್ರೋಗ್ರಾಂ ತನ್ನ ಸಾಕೆಟ್ಟಿನ ಪರವಾಗಿ ಗಣಕವನ್ನು ಗುಂಪಿಗೆ ಸೇರಿಸುತ್ತದೆ. ಜಾಲದ ದೃಷ್ಟಿಯಲ್ಲಿ ಸೇರುವುದು ಗಣಕ. ಸೇರಿಸುವವರು ಹಲವರಾದರೂ ಸೇರುವುದು ಒಂದೇ ಸಲ. ಎಣಿಕೆಯು ಸೇರಿಸಿದವರನ್ನು ಕುರಿತದ್ದು, ವರದಿಯು ಸೇರಿದುದನ್ನು ಕುರಿತದ್ದು. ಈ ವ್ಯತ್ಯಾಸವನ್ನು ಮುಂದಿನ ಚರ್ಚೆಯಲ್ಲಿ ಪಾಲಿಸಲಾಗಿದೆ.

ಕರ್ನೆಲ್ಲು ಕೋರಿಕೆಯನ್ನು ನಿರಾಕರಿಸುವ ಸಂದರ್ಭಗಳೂ ಉಂಟು. ಒಂದೇ ಸಾಕೆಟ್ ಅದೇ ಗುಂಪನ್ನು ಅದೇ ದ್ವಾರದಲ್ಲಿ ಎರಡನೆಯ ಸಲ ಕೋರಿದರೆ ವಿಳಾಸ ಬಳಕೆಯಲ್ಲಿದೆ ಎಂಬ ದೋಷಸೂಚನೆ ಬರುತ್ತದೆ. ಸೇರಿಸದ ಗುಂಪನ್ನು ಬಿಡಿಸಲು ಹೋದರೂ ದೋಷವೇ. ಒಂದು ಸಾಕೆಟ್ ಎಷ್ಟು ಗುಂಪುಗಳನ್ನು ಕೋರಬಹುದೆಂಬುದಕ್ಕೆ ಲಿನಕ್ಸ್‌ನಲ್ಲಿ ಪೂರ್ವನಿಗದಿತ ಮಿತಿ 20. ಇಪ್ಪತ್ತೊಂದನೆಯ ಕೋರಿಕೆ ವಿಫಲವಾಗುತ್ತದೆ. ಆಡಳಿತಗಾರರು ಈ ಮಿತಿಯನ್ನು ಏರಿಸಬಹುದು. ಪ್ರೋಗ್ರಾಂ ಹೇಳದೆ ಕೇಳದೆ ಕೊನೆಗೊಂಡರೆ, ಸಾಕೆಟ್ ಮುಚ್ಚುವಾಗ ಕರ್ನೆಲ್ಲು ತಾನೇ ಅದರ ಪಟ್ಟಿಯನ್ನು ಓದಿ ಒಂದೊಂದೇ ಗುಂಪಿನ ಎಣಿಕೆಯನ್ನು ಇಳಿಸುತ್ತದೆ. ಸಾಕೆಟ್ಟಿನ ಪಟ್ಟಿ ಪ್ರತ್ಯೇಕವಾಗಿರುವುದರ ಇನ್ನೊಂದು ಪ್ರಯೋಜನವಿದು.

ದ್ವಾರದ ಪಟ್ಟಿಯನ್ನು ಬಂದ ಪ್ರತಿಯೊಂದು ಮಲ್ಟಿಕಾಸ್ಟ್ ಪ್ಯಾಕೆಟ್ಟಿಗೂ ನೋಡಬೇಕಾಗುತ್ತದೆ. ಆದರೆ ಅದು ಬದಲಾಗುವುದು ವಿರಳ. ಓದು ಹೆಚ್ಚು, ತಿದ್ದುಪಡಿ ಕಡಿಮೆ ಇರುವ ಇಂತಹ ಸಂದರ್ಭಕ್ಕೆ ಲಿನಕ್ಸ್ ಕರ್ನೆಲ್ಲು ಆರ್‌ಸಿಯು ಎಂಬ ವಿಧಾನವನ್ನು ಅನುಸರಿಸುತ್ತದೆ. ಓದುವವರು ಬೀಗಕ್ಕಾಗಿ ಕಾಯುವುದಿಲ್ಲ. ತಿದ್ದುವವರು ಹಳೆಯ ನಮೂದನ್ನು ಓದುವವರೆಲ್ಲ ಮುಗಿಸಿದ ಮೇಲೆಯೇ ಅದನ್ನು ಅಳಿಸುತ್ತಾರೆ.

4. ಯಂತ್ರಾಂಶದ ಜರಡಿ

ಕಾರ್ಡಿಗೆ ಸೂಚನೆ ಹೋಗುತ್ತದೆ ಎಂದು ಮೇಲೆ ಹೇಳಲಾಯಿತು. ಈಥರ್ನೆಟ್ ಕಾರ್ಡಿಗೆ ಐಪಿ ವಿಳಾಸ ತಿಳಿಯದು. ಅದಕ್ಕೆ 48 ಬಿಟ್‌ಗಳ ಯಂತ್ರಾಂಶ ವಿಳಾಸ ಬೇಕು. ಹದಿನಾರರ ಸಂಖ್ಯಾಪದ್ಧತಿಯಲ್ಲಿ 01-00-5ಇ ಎಂದು ಆರಂಭವಾಗುವ ವಿಳಾಸಗಳು ಮಲ್ಟಿಕಾಸ್ಟಿಗೆ ಮೀಸಲಾಗಿದ್ದು, ಗುಂಪಿನ ವಿಳಾಸದ ಕೊನೆಯ 23 ಬಿಟ್‌ಗಳನ್ನು ಅದಕ್ಕೆ ಜೋಡಿಸಲಾಗುತ್ತದೆ. ಗುಂಪನ್ನು ಗುರುತಿಸುವ ಬಿಟ್‌ಗಳು 28, ಉಳಿಯುವವು 23. ಹೀಗಾಗಿ 5 ಬಿಟ್‌ಗಳು ಕಳೆದುಹೋಗಿ, 32 ಗುಂಪುಗಳು ಒಂದೇ ಯಂತ್ರಾಂಶ ವಿಳಾಸವನ್ನು ಹಂಚಿಕೊಳ್ಳುತ್ತವೆ. 224.1.1.1, 224.129.1.1 ಮತ್ತು 239.1.1.1 ಇವು ಮೂರೂ ಕಾರ್ಡಿನ ದೃಷ್ಟಿಯಲ್ಲಿ ಒಂದೇ.

ಆದ್ದರಿಂದ ಕಾರ್ಡಿನ ಆಯ್ಕೆ ಜರಡಿ ಹಿಡಿದಂತೆ ಸ್ಥೂಲವಾದುದು. ಬೇಡವಾದವುಗಳಲ್ಲಿ ಹೆಚ್ಚಿನವನ್ನು ಅದು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಉಳಿದುದನ್ನು ಕರ್ನೆಲ್ಲು ದ್ವಾರದ ಪಟ್ಟಿಯೊಂದಿಗೆ ಹೋಲಿಸಿ ಬೇರ್ಪಡಿಸಬೇಕು. ಕಾರ್ಡಿನ ಜರಡಿಗೂ ಮಿತಿಯಿದೆ. ಗುಂಪುಗಳು ಬಹಳವಾದಾಗ ಅನೇಕ ಕಾರ್ಡುಗಳು ಎಲ್ಲ ಮಲ್ಟಿಕಾಸ್ಟ್ ಸಂದೇಶಗಳನ್ನೂ ಒಳಬಿಡುವ ಸ್ಥಿತಿಗೆ ಹೋಗುತ್ತವೆ. ಆಗ ಆಯ್ಕೆಯ ಹೊಣೆಯೆಲ್ಲ ಕರ್ನೆಲ್ಲಿನ ಮೇಲೆ ಬೀಳುತ್ತದೆ.

5. ಜಾಲಕ್ಕೆ ವರದಿ

ಗಣಕ ಗುಂಪಿಗೆ ಸೇರಿರುವುದು ಹತ್ತಿರದ ರೂಟರಿಗೆ ತಿಳಿಯಬೇಕು. ಇಲ್ಲವಾದರೆ ಹೊರಗಿನ ಸಂದೇಶ ಆ ಕಡೆಗೆ ತಿರುಗುವುದೇ ಇಲ್ಲ. ಇದಕ್ಕಾಗಿ ಐಜಿಎಂಪಿ ಎಂಬ ನಿಯಮಾವಳಿ ಇದೆ. ಇದರ ಮೂರು ಆವೃತ್ತಿಗಳು 1989, 1997 ಮತ್ತು 2002ರಲ್ಲಿ ಪ್ರಕಟವಾದವು. ಇವುಗಳ ಬೆಳವಣಿಗೆಯನ್ನು ಗಮನಿಸಿದರೆ ‘ಪಟ್ಟಿಯಿಲ್ಲದ ಸದಸ್ಯತ್ವ’ದ ತತ್ತ್ವವೂ ಅದರ ಇತಿಮಿತಿಯೂ ತಿಳಿಯುತ್ತವೆ.

ಮೊದಲನೆಯ ಆವೃತ್ತಿಯಲ್ಲಿ ರೂಟರು ಆಗಾಗ ‘ಯಾವ ಗುಂಪುಗಳಲ್ಲಿ ಯಾರಾದರೂ ಇದ್ದೀರಾ?’ ಎಂಬ ಪ್ರಶ್ನೆಯನ್ನು ಸ್ಥಳೀಯ ಜಾಲಕ್ಕೆ ಕಳುಹಿಸುತ್ತದೆ. ಪ್ರಶ್ನೆ ಕೇಳಿದ ಗಣಕ ಕೂಡಲೇ ಉತ್ತರಿಸುವುದಿಲ್ಲ. ಪ್ರತಿ ಗುಂಪಿಗೂ 0ಯಿಂದ 10 ಸೆಕೆಂಡುಗಳ ನಡುವೆ ಯಾದೃಚ್ಛಿಕವಾಗಿ ಒಂದು ಅವಧಿಯನ್ನು ಆರಿಸಿ ಕಾಯುತ್ತದೆ. ಅಷ್ಟರಲ್ಲಿ ಅದೇ ಗುಂಪಿನ ಬೇರೊಂದು ಗಣಕ ಉತ್ತರಿಸಿದರೆ ತಾನು ಸುಮ್ಮನಾಗುತ್ತದೆ. ರೂಟರಿಗೆ ತಿಳಿಯಬೇಕಾದುದು ಎಷ್ಟು ಮಂದಿ ಇದ್ದಾರೆ ಎಂಬುದಲ್ಲ, ಒಬ್ಬರಾದರೂ ಇದ್ದಾರೆಯೇ ಎಂಬುದು. ನೂರು ಗಣಕಗಳಿದ್ದರೂ ಸಾಮಾನ್ಯವಾಗಿ ಒಂದು ಉತ್ತರ ಸಾಕಾಗುವುದು ಈ ಕಾರಣದಿಂದ.

ಬಿಡುವುದನ್ನು ತಿಳಿಸುವ ಸಂದೇಶ ಮೊದಲ ಆವೃತ್ತಿಯಲ್ಲಿ ಇರಲಿಲ್ಲ. ಯಾರೂ ಉತ್ತರಿಸದೆ ಅವಧಿ ಮುಗಿದಾಗ ಮಾತ್ರ ರೂಟರು ಗುಂಪನ್ನು ಮರೆಯುತ್ತಿತ್ತು. ಎರಡನೆಯ ಆವೃತ್ತಿಯ ಪೂರ್ವನಿಗದಿತ ಮೌಲ್ಯಗಳಂತೆ ಪ್ರಶ್ನೆಗಳ ನಡುವಣ ಅಂತರ 125 ಸೆಕೆಂಡು. ಅದರ ಎರಡರಷ್ಟಕ್ಕೆ ಉತ್ತರದ ಅವಧಿಯಾದ 10 ಸೆಕೆಂಡನ್ನು ಸೇರಿಸಿದರೆ ಮರೆಯುವ ಅವಧಿ 260 ಸೆಕೆಂಡು ಆಗುತ್ತದೆ. ಸೆಕೆಂಡಿಗೆ 2 ಮೆಗಾಬಿಟ್‌ನ ದೃಶ್ಯವಾಹಿನಿಯೊಂದನ್ನು ನೋಡುತ್ತಿದ್ದವರು ಎದ್ದು ಹೋದ ಬಳಿಕವೂ ಅಷ್ಟು ಹೊತ್ತು ಅದು ಹರಿಯುತ್ತಿದ್ದರೆ ಸುಮಾರು 65 ಮೆಗಾಬೈಟ್ ದತ್ತಾಂಶ ಯಾರಿಗೂ ಬೇಡವಾಗಿ ಬಂದಂತಾಯಿತು. ಈ ವ್ಯರ್ಥವನ್ನು ತಪ್ಪಿಸಲು ಎರಡನೆಯ ಆವೃತ್ತಿಯು ಬಿಡುವ ಸಂದೇಶವನ್ನು ತಂದಿತು. ಅದು ಬಂದೊಡನೆ ರೂಟರು ಆ ಗುಂಪಿನ ಬಗ್ಗೆ ಮಾತ್ರ ಒಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ವಿಚಾರಿಸುತ್ತದೆ. ಉಳಿದವರಿದ್ದರೆ ಉತ್ತರಿಸುತ್ತಾರೆ, ಇಲ್ಲವಾದರೆ ಹರಿವು ನಿಲ್ಲುತ್ತದೆ. ಪಟ್ಟಿ ಇಲ್ಲದಿರುವುದರಿಂದಲೇ ಹೀಗೆ ವಿಚಾರಿಸಬೇಕಾಗಿ ಬಂದಿದೆ ಎಂಬುದು ಗಮನಾರ್ಹ.

ಮೂರನೆಯ ಆವೃತ್ತಿಯಲ್ಲಿ ಸುಮ್ಮನಾಗುವ ಪದ್ಧತಿಯನ್ನು ಕೈಬಿಡಲಾಯಿತು. ಪ್ರತಿ ಗಣಕವೂ ತನ್ನ ಸ್ಥಿತಿಯನ್ನು 224.0.0.22 ಎಂಬ ವಿಳಾಸಕ್ಕೆ ತಾನೇ ವರದಿ ಮಾಡುತ್ತದೆ. ಇದೇ ಆವೃತ್ತಿಯು ಮೂಲದ ಆಯ್ಕೆಯನ್ನೂ ತಂದಿತು.

6. ಮೂಲದ ಆಯ್ಕೆ: ಒಳಗೊಳ್ಳುವುದು ಮತ್ತು ಹೊರಗಿಡುವುದು

ಗುಂಪಿಗೆ ಯಾರು ಬೇಕಾದರೂ ಕಳುಹಿಸಬಹುದಾದ್ದರಿಂದ ಅನಪೇಕ್ಷಿತ ಸಂದೇಶಗಳೂ ಬರಬಹುದು. ಮೂರನೆಯ ಆವೃತ್ತಿಯು ಕೇಳುವವನಿಗೆ ಎರಡು ಆಯ್ಕೆಗಳನ್ನು ಕೊಟ್ಟಿತು: ‘ಇಂಥವರಿಂದ ಮಾತ್ರ ಬರಲಿ’ ಎಂಬುದು ಒಂದು, ‘ಇಂಥವರನ್ನು ಬಿಟ್ಟು ಉಳಿದವರೆಲ್ಲರಿಂದ ಬರಲಿ’ ಎಂಬುದು ಇನ್ನೊಂದು. ಒಂದೇ ಗಣಕದ ಬೇರೆ ಬೇರೆ ಸಾಕೆಟ್ಟುಗಳು ಬೇರೆ ಬೇರೆ ಆಯ್ಕೆ ಮಾಡಿದಾಗ ಗಣಕದ ಪರವಾಗಿ ಒಂದೇ ಹೇಳಿಕೆಯನ್ನು ರೂಪಿಸುವುದು ಕರ್ನೆಲ್ಲಿನ ಹೊಣೆ.

ಉದಾಹರಣೆಗೆ, ಮೊದಲ ಸಾಕೆಟ್ ‘ಕ, ಖ ಮಾತ್ರ’ ಎಂದೂ ಎರಡನೆಯದು ‘ಖ, ಗ ಮಾತ್ರ’ ಎಂದೂ ಕೋರಿದರೆ ಗಣಕದ ಹೇಳಿಕೆ ‘ಕ, ಖ, ಗ ಮಾತ್ರ’ ಎಂದಾಗುತ್ತದೆ. ಮೂರನೆಯ ಸಾಕೆಟ್ ಬಂದು ‘ಕ ಮತ್ತು ಚ ಇವರನ್ನು ಬಿಟ್ಟು ಎಲ್ಲರೂ’ ಎಂದು ಕೋರಿದೊಡನೆ ಹೇಳಿಕೆಯ ಸ್ವರೂಪವೇ ಬದಲಾಗುತ್ತದೆ. ಒಬ್ಬರಾದರೂ ‘ಎಲ್ಲರೂ’ ಎಂದಮೇಲೆ ಗಣಕವೂ ಹಾಗೆಯೇ ಹೇಳಬೇಕು. ಆದರೆ ‘ಕ’ನನ್ನು ಹೊರಗಿಡುವಂತಿಲ್ಲ, ಏಕೆಂದರೆ ಮೊದಲ ಸಾಕೆಟ್ಟಿಗೆ ಅವನು ಬೇಕು. ಹೀಗಾಗಿ ಅಂತಿಮ ಹೇಳಿಕೆ ‘ಚ ಒಬ್ಬನನ್ನು ಬಿಟ್ಟು ಎಲ್ಲರೂ’ ಎಂದಾಗುತ್ತದೆ. ಆ ಬಳಿಕ ‘ಕ’ನಿಂದ ಸಂದೇಶ ಬಂದಾಗ ಅದನ್ನು ಮೊದಲ ಸಾಕೆಟ್ಟಿಗೆ ಕೊಟ್ಟು ಎರಡನೆಯದಕ್ಕೂ ಮೂರನೆಯದಕ್ಕೂ ತಡೆಯುವ ಕೆಲಸ ಕರ್ನೆಲ್ಲಿನೊಳಗೆ ನಡೆಯಬೇಕು. ಇಲ್ಲಿ ಪಾಲಿತವಾಗುವ ತತ್ತ್ವ ಒಂದೇ: ಯಾರೊಬ್ಬರಿಗಾದರೂ ಬೇಕಾದುದು ದ್ವಾರದಲ್ಲಿ ತಡೆಹಿಡಿಯಲ್ಪಡಬಾರದು, ಯಾರಿಗೆ ಬೇಡವೋ ಅವರಿಗೆ ಅದು ಒಳಗೆ ತಲುಪಬಾರದು.

ಮೂಲವನ್ನು ಹೆಸರಿಸಿ ಸೇರುವ ಈ ಕ್ರಮಕ್ಕೆ 232ರಿಂದ ಆರಂಭವಾಗುವ ವಿಳಾಸಗಳನ್ನು ಮೀಸಲಿಡಲಾಗಿದೆ. ಬೇರೆ ಬೇರೆ ಆಡಳಿತಗಳ ಜಾಲಗಳ ನಡುವೆ ‘ಯಾರಿಂದ ಬೇಕಾದರೂ’ ಎಂಬ ಹಳೆಯ ಕ್ರಮವನ್ನು ಕೈಬಿಡಬೇಕೆಂದು 2020ರ ಆರ್‌ಎಫ್‌ಸಿ 8815 ಶಿಫಾರಸು ಮಾಡಿದೆ. 1989ರ ಮುಕ್ತ ಗುಂಪು ಮೂರು ದಶಕಗಳಲ್ಲಿ ಇಷ್ಟರಮಟ್ಟಿಗೆ ಸಂಕೋಚಗೊಂಡಿದೆ.

7. ಸದ್ದಿಲ್ಲದ ವೈಫಲ್ಯಗಳು

ಈ ವ್ಯವಸ್ಥೆಯ ದೋಷಗಳು ಬಹುಪಾಲು ಮೌನವಾಗಿ ಸಂಭವಿಸುತ್ತವೆ. ಸೇರಿಸುವ ಕರೆ ಯಶಸ್ವಿಯಾಯಿತೆಂದು ಕರ್ನೆಲ್ಲು ಹೇಳುತ್ತದೆ. ಸಂದೇಶ ಮಾತ್ರ ಬರುವುದಿಲ್ಲ. ಇಂತಹ ಮೂರು ಸಂದರ್ಭಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ದ್ವಾರದ ಆಯ್ಕೆ. ಪ್ರೋಗ್ರಾಂ ದ್ವಾರವನ್ನು ಹೆಸರಿಸದಿದ್ದರೆ ಲಿನಕ್ಸ್ ಕರ್ನೆಲ್ಲು ತನ್ನ ಮಾರ್ಗಸೂಚಿ ಕೋಷ್ಟಕವನ್ನು ನೋಡಿ ಒಂದನ್ನು ಆರಿಸುತ್ತದೆ. ತಂತಿಯೂ ವೈಫೈಯೂ ಇರುವ ಗಣಕದಲ್ಲಿ ಸಂದೇಶ ಬರುವುದು ಒಂದು ಕಡೆ, ಸೇರಿದ್ದು ಇನ್ನೊಂದು ಕಡೆ ಆಗಬಹುದು. ದ್ವಾರವನ್ನು ಸ್ಪಷ್ಟವಾಗಿ ಹೆಸರಿಸುವುದೇ ಇದಕ್ಕೆ ಪರಿಹಾರ.

ಎರಡನೆಯದು ಸ್ವಿಚ್ಚುಗಳಿಗೆ ಸಂಬಂಧಿಸಿದುದು. ಇಂದಿನ ಅನೇಕ ಸ್ವಿಚ್ಚುಗಳು ಐಜಿಎಂಪಿ ವರದಿಗಳನ್ನು ಕದ್ದಾಲಿಸಿ, ವರದಿ ಬಂದ ಕಡೆಗೆ ಮಾತ್ರ ಸಂದೇಶವನ್ನು ಬಿಡುತ್ತವೆ. ಜಾಲದಲ್ಲಿ ಪ್ರಶ್ನೆ ಕೇಳುವ ರೂಟರು ಇಲ್ಲದಿದ್ದರೆ ಗಣಕಗಳು ಸೇರುವಾಗ ಕಳುಹಿಸಿದ ವರದಿಯ ಬಳಿಕ ಮತ್ತೆ ಮಾತನಾಡುವುದಿಲ್ಲ. ಕೆಲವು ನಿಮಿಷಗಳಲ್ಲಿ ಸ್ವಿಚ್ಚಿನ ನೆನಪು ಅಳಿಯುತ್ತದೆ, ಹರಿವು ನಿಲ್ಲುತ್ತದೆ. ಗಣಕದೊಳಗಿನ ಎರಡೂ ಪಟ್ಟಿಗಳು ಮಾತ್ರ ಸದಸ್ಯತ್ವ ಇದೆಯೆಂದೇ ತೋರಿಸುತ್ತಿರುತ್ತವೆ. ಆರಂಭದಲ್ಲಿ ಸರಿಯಾಗಿ ಬಂದು ನಾಲ್ಕೈದು ನಿಮಿಷಗಳ ಮೇಲೆ ನಿಲ್ಲುವ ಹರಿವಿಗೆ ಮೊದಲು ಶಂಕಿಸಬೇಕಾದ ಕಾರಣ ಇದು.

ಮೂರನೆಯದು ಇದಕ್ಕೆ ವಿರುದ್ಧವಾದುದು. ಕೋರದ ಸಂದೇಶ ಬರುವುದು. ಒಂದು ಪ್ರೋಗ್ರಾಂ 239.1.1.1 ಅನ್ನೂ ಇನ್ನೊಂದು 239.1.1.2 ಅನ್ನೂ ಕೋರಿವೆ. ಎರಡೂ ಒಂದೇ ಪೋರ್ಟ್ ಸಂಖ್ಯೆಯನ್ನು ಹಂಚಿಕೊಂಡು ಯಾವುದೇ ನಿರ್ದಿಷ್ಟ ವಿಳಾಸಕ್ಕೆ ಕಟ್ಟಿಕೊಂಡಿಲ್ಲ. ಲಿನಕ್ಸ್‌ನ ಪೂರ್ವನಿಗದಿತ ನಡವಳಿಕೆಯಲ್ಲಿ ಎರಡಕ್ಕೂ ಎರಡೂ ಗುಂಪುಗಳ ಸಂದೇಶ ಬರುತ್ತದೆ. ಗುಂಪಿಗೆ ಸೇರಿರುವುದು ಗಣಕ, ಸಾಕೆಟ್ ಅಲ್ಲ ಎಂಬ ಹಳೆಯ ತಿಳಿವಳಿಕೆಯ ಪರಿಣಾಮವಿದು. ಲಿನಕ್ಸ್ 2.6.31 ರಿಂದ ‘ಐಪಿ ಮಲ್ಟಿಕಾಸ್ಟ್ ಆಲ್’ ಎಂಬ ಆಯ್ಕೆ ಬಂದಿದ್ದು, ಅದನ್ನು ಸೊನ್ನೆಗೆ ಇಟ್ಟರೆ ಸಾಕೆಟ್ಟಿಗೆ ಅದು ತಾನೇ ಕೋರಿದ ಗುಂಪುಗಳ ಸಂದೇಶ ಮಾತ್ರ ದೊರೆಯುತ್ತದೆ. ಸೇರು ಮತ್ತು ಸೇರಿಸು ಇವುಗಳ ವ್ಯತ್ಯಾಸವು ವ್ಯಾಕರಣದ ಸೂಕ್ಷ್ಮಕ್ಕೆ ಸೀಮಿತವಲ್ಲ ಎಂಬುದಕ್ಕೆ ಈ ಪ್ರಸಂಗವು ಸಾಕ್ಷಿಯಾಗಿದೆ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮಲ್ಟಿಕಾಸ್ಟ್ ಸದಸ್ಯತ್ವವು ಒಂದೇ ಕಡೆ ನೆಲೆಸಿದ ಸಂಗತಿಯಲ್ಲ. ಸಾಕೆಟ್ಟಿನಲ್ಲಿ ಅದು ಕೋರಿಕೆ, ಸಂಪರ್ಕದ್ವಾರದಲ್ಲಿ ಎಣಿಕೆ, ಕಾರ್ಡಿನಲ್ಲಿ ಜರಡಿ, ರೂಟರು ಮತ್ತು ಸ್ವಿಚ್ಚುಗಳಲ್ಲಿ ಆಗಾಗ ನವೀಕರಿಸದಿದ್ದರೆ ಅಳಿಯುವ ನೆನಪು. ಇವು ನಾಲ್ಕೂ ಹೊಂದಿಕೊಂಡಾಗ ಮಾತ್ರ ಸಂದೇಶ ತಲುಪುತ್ತದೆ. ಈ ಹೊಂದಾಣಿಕೆ ಐಪಿ ಆರನೆಯ ಆವೃತ್ತಿಯಲ್ಲಿ ಇನ್ನಷ್ಟು ಮುಖ್ಯ. ಅಲ್ಲಿ ಎಲ್ಲರಿಗೂ ಸಾರುವ ವಿಧಾನವನ್ನೇ ಕೈಬಿಟ್ಟಿರುವುದರಿಂದ, ನೆರೆಯ ಗಣಕದ ವಿಳಾಸವನ್ನು ಹುಡುಕುವ ಮೂಲಭೂತ ಕೆಲಸವೂ ಗುಂಪುಗಳ ಮೂಲಕವೇ ನಡೆಯುತ್ತದೆ.

ಪರಿಭಾಷೆಯ ದೃಷ್ಟಿಯಿಂದ ‘ಸಂಘ’ಕ್ಕಿಂತ ‘ಗುಂಪು’ ಇಲ್ಲಿ ಉಚಿತವಾದ ಪದ. ಸಂಘಕ್ಕೆ ನಿಯಮಾವಳಿಯೂ ನೋಂದಣಿಯೂ ಉಂಟು. ಗುಂಪು ಕೂಡುತ್ತದೆ, ಚದುರುತ್ತದೆ. ‘ಸದಸ್ಯತ್ವ’ ಎಂಬುದನ್ನು ರೂಢಿಯ ಕಾರಣದಿಂದ ಉಳಿಸಿಕೊಳ್ಳಬಹುದಾದರೂ ಅದರ ಮೊದಲ ಪ್ರಯೋಗದಲ್ಲೇ ಅದು ಪಟ್ಟಿಯಿಲ್ಲದ ಸದಸ್ಯತ್ವವೆಂದು ಬೋಧಕರು ಸ್ಪಷ್ಟಪಡಿಸುವುದು ಅಗತ್ಯ. ಸೇರು, ಸೇರಿಸು, ಬಿಡು, ಬಿಡಿಸು ಎಂಬ ದಿನಬಳಕೆಯ ಕ್ರಿಯಾಪದಗಳು ಮೂಲ ಪರಿಭಾಷೆಯು ಹೇಳದೆ ಬಿಟ್ಟ ವ್ಯತ್ಯಾಸವನ್ನು ಹೇಳಬಲ್ಲವು ಎಂಬುದನ್ನು ಮೇಲಿನ ನಿದರ್ಶನಗಳು ತೋರಿಸಿವೆ. ಹೊಸ ಪದಗಳನ್ನು ಟಂಕಿಸುವ ಮುನ್ನ ಇರುವ ಕ್ರಿಯಾಪದಗಳ ಶಕ್ತಿಯನ್ನು ಪರೀಕ್ಷಿಸುವ ಕೆಲಸ ಗಣಕ ವಿಜ್ಞಾನದ ಇತರ ವಿಭಾಗಗಳಲ್ಲೂ ನಡೆಯಬೇಕಾಗಿದೆ.